ನೆಲ ಕೀಳದೆ ಬಚ್ಚಲಿನ ಸೋರಿಕೆ ನಿಲ್ಲಿಸಿದ್ದು

ಕೆಳಗಿನ ಸೀಲಿಂಗ್‌ನಲ್ಲಿ ಕಲೆ ಕಂಡರೆ ಪ್ಲಂಬರ್, ಗಾರೆ ಮೇಸ್ತ್ರಿ ಇಬ್ಬರದೂ ಒಂದೇ ಮಾತು: ಪೂರ್ತಿ ನೆಲ ಕೀಳಿಸಿ. ನಾನು ಕಿತ್ತಿದ್ದು ಬಚ್ಚಲಿನ ನೀರು ಹೊರಹೋಗುವ ಟ್ರ್ಯಾಪ್ ಸುತ್ತಲಿನ ಟೈಲ್ಸ್ ಮಾತ್ರ. ಖರ್ಚು ಅವರು ಕೊಟ್ಟ ಅಂದಾಜಿನ ಹತ್ತರಲ್ಲೊಂದು ಪಾಲು ಆಗಿರಬಹುದು. ಸೀಲಿಂಗ್ ಒಣಗಿದೆ, ಆಗದು ಅಂದವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ.

ಅದಕ್ಕೆ ಮುಂಚೆ ದಂಡವಾದ ದುಡ್ಡಿನ ಲೆಕ್ಕ. ಟೈಲ್ಸ್ ಸಂದಿಗೆ ಮೇಲಿಂದ ವೈಟ್ ಸಿಮೆಂಟ್ ತೀಡಿದರೆ ಸಂದಿ ತುಂಬಿದ ಹಳೇ ಗ್ರೌಟ್ ಮೇಲೆ ತೆಳು ಪೊರೆ ಕೂರುತ್ತದೆ, ನಾಲ್ಕು ಸಲ ಆಸಿಡ್ ಹಾಕಿ ತೊಳೆದರೆ ಹೋಗುತ್ತದೆ. ಬಣ್ಣವಿಲ್ಲದ ಸೀಲರ್ ಒದ್ದೆ ಸಂದಿಯೊಳಗೆ ಇಳಿಯುವುದೇ ಇಲ್ಲ. ಸ್ಲ್ಯಾಬ್‌ಗೆ ಕೆಳಗಿಂದ ಬಿರುಕು ತುಂಬುವ ಇಂಜೆಕ್ಷನ್ ಕೊಡಿಸಿದ್ದು ಎಲ್ಲಕ್ಕಿಂತ ದುಬಾರಿ. ಅಲ್ಲಿನ ಬಿರುಕು ಮುಚ್ಚಿತು, ನೀರು ಎರಡಡಿ ಆಚೆ ಲೈಟ್ ಪಾಯಿಂಟ್‌ನಲ್ಲಿ ಇಳಿಯಿತು. ಮೇಲಿಂದ ಬರುವ ನೀರು ತಡೆಯದೆ ಕೆಳಗೆ ಮುಚ್ಚಿದರೆ ಸಂಕನ್ ಸ್ಲ್ಯಾಬೇ (ಬಚ್ಚಲಿನ ಕೆಳಗೆ ತಗ್ಗಾಗಿ ಬಿಟ್ಟು ಇಟ್ಟಿಗೆ ಚೂರು ತುಂಬಿದ ಜಾಗ) ತೊಟ್ಟಿಯಾಗುತ್ತದೆ. ಅಂದಹಾಗೆ, ಲೈಟ್ ಹತ್ತಿರ ಒದ್ದೆ ಕಂಡರೆ ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಉಳಿದದ್ದು ಆಮೇಲೆ.

ಪತ್ತೆ ಮಾಡುವುದೇ ಮುಕ್ಕಾಲು ಕೆಲಸ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಬಚ್ಚಲು ಬಳಸದಿದ್ದರೂ ಕಲೆ ಬೆಳೆದರೆ ಹೆಚ್ಚಾಗಿ ಸದಾ ಒತ್ತಡದಲ್ಲಿರುವ ನೀರಿನ ಪೈಪಿನ ತಕರಾರು. ಬಳಸಿದಾಗ ಮಾತ್ರ ಬೆಳೆದರೆ ನಾಲ್ಕು ದಾರಿ: ಶವರ್‌ಗೆ ಏರುವ ಪೈಪು, ಡ್ರೈನ್, ನೆಲ, ಗೋಡೆ. ಒಂದೊಂದನ್ನೇ ಒದ್ದೆ ಮಾಡಬೇಕು. ನೀರು ಸಂಕನ್ ದಾಟಿ ಕೆಳಗೆ ಕಾಣಲು ಒಂದು ದಿನ ಹಿಡಿಯಬಹುದು, ಆದ್ದರಿಂದ ಪರೀಕ್ಷೆಗಳ ನಡುವೆ ಎರಡು ದಿನವಾದರೂ ಬಿಡಿ.

ಏರು ಪೈಪಿಗೆ: ಶವರ್ ಆರ್ಮ್ ಬಿಚ್ಚಿ ಅರ್ಧ ಇಂಚಿನ ಎಂಡ್ ಪ್ಲಗ್ ಹಾಕಿ ನೀರನ್ನು ಶವರ್ ಕಡೆ ತಿರುಗಿಸುವ ಡೈವರ್ಟರ್ ತೆರೆದಿಡಿ. ಶವರ್ ಸುರಿಯುವಾಗ ಆ ಪೈಪಲ್ಲಿ ಒತ್ತಡ ಕಮ್ಮಿ. ಪ್ಲಗ್ ಹಾಕಿದಾಗ ಪೂರ್ತಿ ಒತ್ತಡ ಬಿದ್ದು, ಹಿತ್ತಾಳೆ ಎಲ್ಬೋ ಥ್ರೆಡ್ಡಿನ ಸಣ್ಣ ಜಿನುಗೂ ಜೋರಾಗುತ್ತದೆ. ಡ್ರೈನ್‌ಗೆ: ಹೋಸ್ ತುದಿಯನ್ನು ಟ್ರ್ಯಾಪ್ ಬಾಯಿಯ ಸುತ್ತಲಿನ ಬಳೆ, ಅಂದರೆ ಕಾಲರ್‌ಗಿಂತ ಕೆಳಗೆ ಇಳಿಸಿಯೇ ನೀರು ಬಿಡಿ. ಜಾಲರಿ ಮೇಲೆ ಬಕೆಟ್ ಸುರಿದರೆ ಕಾಲರ್ ಸಂದಿಯೂ ಒದ್ದೆಯಾಗುತ್ತದೆ, ಪರೀಕ್ಷೆ ಕೆಟ್ಟಂತೆಯೇ.

ನೆಲದ ಪರೀಕ್ಷೆಯನ್ನು ಎಲ್ಲರೂ ಒಂದೇ ಬಗೆ ಮಾಡುತ್ತಾರೆ: ಟ್ರ್ಯಾಪ್ ಮುಚ್ಚಿ ನೀರು ನಿಲ್ಲಿಸುವುದು. ನಾನು ಎರಡು ಬಗೆ ಮಾಡುತ್ತೇನೆ. ಮೊದಲು ಟ್ರ್ಯಾಪ್ ಸುತ್ತ ನಾಲ್ಕು ಇಂಚು ಬಿಟ್ಟು ಜೇಡಿಯ ಕಟ್ಟೆ ಕಟ್ಟಿ ಅದರ ಹೊರಗಡೆ ಮಾತ್ರ 2–3 ಸೆಂ.ಮೀ. ನೀರು. ಆಮೇಲೆ ಕಟ್ಟೆ ತೆಗೆದು, ಟ್ರ್ಯಾಪಿನೊಳಗೆ ಕಾಲರ್‌ಗಿಂತ ಕೆಳಗೆ ಪ್ಲಗ್ ಕೂರಿಸಿ ಮತ್ತೆ ಅಷ್ಟೇ ನೀರು. ಒಂದೊಂದಕ್ಕೂ 24 ಗಂಟೆ. ಮೊದಲನೆಯದರಲ್ಲಿ ಸೋರದೆ ಎರಡನೆಯದರಲ್ಲಿ ಸೋರಿದರೆ ನೆಲದ ಟೈಲ್ಸ್ ನಿರಪರಾಧಿ, ಕಳ್ಳ ಕಾಲರ್ ಪಕ್ಕದಲ್ಲೇ. ಪಕ್ಕದಲ್ಲಿ ಅಷ್ಟೇ ಆಳದ ನೀರು ತುಂಬಿದ ತಟ್ಟೆ ಇಡಿ, ಆವಿಯಾಗಿ ಹೋದದ್ದು ಎಷ್ಟೆಂದು ಅದು ಹೇಳುತ್ತದೆ. 2.5 ಸೆಂ.ಮೀ. ನೀರೆಂದರೆ ಚದರ ಮೀಟರಿಗೆ 25 ಕಿಲೋ ಭಾರ, ಇನ್ನೂ ಹೆಚ್ಚು ನಿಲ್ಲಿಸುವ ಶೌರ್ಯ ಬೇಡ.

ಸೋರುವ ದಾರಿ ಹುಡುಕಲು ನೀರಿಗೆ ಬಣ್ಣ ಹಾಕಿಯೂ ನೋಡಿದೆ. ಅಡುಗೆಯ ಕೆಂಪು ಬಣ್ಣವನ್ನು ಇಟ್ಟಿಗೆ ಚೂರು, ಗಾರೆ ಹೀರಿಬಿಟ್ಟವು, ಕೆಳಗೆ ಬಂದದ್ದು ತಿಳಿನೀರು. ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣ ಹಾಕಿದಾಗ ಯುವಿ ಟಾರ್ಚಿನಲ್ಲಿ ಹಸಿರು ಹೊಳಪು ಕಂಡಿತು, ಆದರೆ ಕಟ್ಟೆ ಪರೀಕ್ಷೆ ಹೇಳಿದ್ದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

ನನ್ನಲ್ಲಿ ಸೋರಿದ್ದು ಕಾಲರ್ ಪಕ್ಕದಲ್ಲೇ, ಆ ಸಂದಿಗೆ ಮೊದಲು ತುಂಬಿದ್ದು ಬರೀ ಸಿಮೆಂಟ್ ಗಾರೆ. ಕಾಲರಿನ ಪಿವಿಸಿಗೆ ಸಿಮೆಂಟ್ ಹಿಡಿಯುವುದಿಲ್ಲ, ಒಣಗುವಾಗ ಗಾರೆ ಕುಗ್ಗಿ ಕೂದಲೆಳೆ ಸಂದಿ ಬಿಡುತ್ತದೆ. ಉಳಿ ಹಿಡಿದು ಒಡೆಯುವ ಮೊದಲು ಗ್ರೈಂಡರ್‌ನಲ್ಲಿ ಟೈಲ್ಸ್ ಸುತ್ತ ಗೀರು ಹಾಕಿ, ಇಲ್ಲವಾದರೆ ಪೆಟ್ಟಿಗೆ ಪಕ್ಕದ್ದೂ ಸೀಳುತ್ತದೆ. ಕಾಲರ್ ಹೊರಮೈಯನ್ನು 80 ನಂಬರ್ ಉಪ್ಪುಕಾಗದದಲ್ಲಿ ಗೀಚಿ ದೊರಗು ಮಾಡಿ. ಸುತ್ತ 10 ಮಿ.ಮೀ. ಕಾಲುವೆ ಕೆತ್ತಿ, ಫ್ಯಾನಿಟ್ಟು ಒಣಗಿಸಿ, ಪಿಯು (ಪಾಲಿಯುರಿಥೇನ್) ಸೀಲಂಟ್ ತುಂಬಿ. ಅದು ಗಟ್ಟಿಯಾದ ಮೇಲೆ ಅಕ್ರಿಲಿಕ್ ಸಿಮೆಂಟ್ ಕೋಟಿಂಗ್ ಎರಡು ಕೈ, ನಡುವೆ ಫೈಬರ್ ಜಾಲರಿ. ಎರಡನೇ ಕೈ ಮೊದಲನೆಯದಕ್ಕೆ ಅಡ್ಡಲಾಗಿ. ಮೊದಲ ಕೈಗೆ ಮುಂಚೆ ಕಾಲರ್‌ಗೆ ಬಳಿಯುವ ಪ್ರೈಮರ್ ಯಾವುದೆಂದು ಬರೆಯುವುದಿಲ್ಲ, ಅದಕ್ಕೆ ಕಳೆದ ದುಡ್ಡು ನನ್ನದು. ಟೈಲ್ಸ್ ಕೂರಿಸುವ ಮೊದಲೇ ಮತ್ತೆ 24 ಗಂಟೆ ನೀರು ನಿಲ್ಲಿಸಿ ನೋಡಿ.

ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್. ಹಳೆಯದನ್ನು ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಪಾಲು ಆಳಕ್ಕೆ ತೆಗೆದರೆ ಮಾತ್ರ ಹಿಡಿಯುತ್ತದೆ. ಕಲಸಿದ್ದು ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಕಲ್ಲಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ, ಹಾಗಾಗಿ ಅಂಗೈಯಷ್ಟಷ್ಟೇ ಕಲಸಿ. ಗೋಡೆ–ನೆಲದ ಮೂಲೆಗೆ ಗ್ರೌಟ್ ಬೇಡ, ಅಲ್ಲಿ ಅಲುಗಾಟವಿದೆ, ಸಿಲಿಕಾನ್ ಹಾಕಿ.

ರಿಪೇರಿಯಾದ ಮೇಲೂ ಎರಡು ಮೂರು ವಾರ ಹನಿ ಬಿತ್ತು. ಸಂಕನ್‌ನಲ್ಲಿ ಉಳಿದ ನೀರು ಇಳಿಯಲು ಅಷ್ಟು ಬೇಕು. ಹನಿಯ ನಡುವಿನ ಅಂತರ ಹೆಚ್ಚುತ್ತಾ ಹೋದರೆ ಸುಮ್ಮನಿರಿ, ಅಷ್ಟರಲ್ಲೇ ಗಾಬರಿಯಾಗಿ ನೆಲ ಕೀಳಿಸಿದವರಿದ್ದಾರೆ. ಸೀಲಿಂಗ್‌ಗೆ ಬಣ್ಣ ಹೊಡೆಯುವ ಮುಂಚೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಅಂಟಿಸಿಡಿ. ಒಳಗೆ ಬೆವರು ಕಂಡರೆ ಇನ್ನೂ ಕಾಯಬೇಕು. ಬಿಳಿ ಉಪ್ಪು ಮೂಡಿದ್ದರೆ ಒಣ ಬ್ರಶ್ಶಿನಲ್ಲಿ ಉಜ್ಜಿ ತೆಗೆದು, ಕಲೆ ತಡೆಯುವ ಪ್ರೈಮರ್ ಹೊಡೆದೇ ಪೇಂಟ್ ಮಾಡಿ.