ಬೆಲ್ಲದ ಮಂಡಿಯ ಲೆಕ್ಕದ ಮೆಷಿನ್ ಮತ್ತೆ ತಿರುಗಿತು

ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ನಮ್ಮ ದೊಡ್ಡಪ್ಪ ಲೆಕ್ಕ ಬರೆಯುತ್ತಿದ್ದರು. ಅಚ್ಚು ಬೆಲ್ಲ, ಕುರಿಕಾಟು, ಬಕೆಟ್ ಬೆಲ್ಲ, ಒಂದೊಂದಕ್ಕೂ ಒಂದೊಂದು ರೇಟು. ತೂಕಕ್ಕೂ ರೇಟಿಗೂ ಗುಣಿಸಲು ಅವರ ಮೇಜಿನ ಮೇಲೆ ಕಪ್ಪು ಬಣ್ಣದ ಕೈಮೆಷಿನ್ ಇತ್ತು. ರಜೆಯಲ್ಲಿ ಹೋದಾಗ ಹ್ಯಾಂಡಲ್ ತಿರುಗಿಸುವ ಕೆಲಸ ನನ್ನದು. ಬ್ಯಾಟರಿ ಕ್ಯಾಲ್ಕ್ಯುಲೇಟರ್ ಬಂದ ಮೇಲೆ ಅದು ಅಟ್ಟ ಸೇರಿತು. ಈಚೆಗೆ ಅಂಗಡಿ ಖಾಲಿ ಮಾಡುವಾಗ ದೊಡ್ಡಪ್ಪನ ಮಗ ಫೋನ್ ಮಾಡಿದ. "ಗುಜರಿಗೆ ಹಾಕ್ಲಾ, ನೀನ್ ಇಟ್ಕೊತೀಯಾ?" ಅವತ್ತೇ ಹೋಗಿ ತಗೊಂಡು ಬಂದೆ.

ಮೈಮೇಲೆ 'ಒರಿಜಿನಲ್ ಒಡ್ನರ್' ಎಂದಿದೆ. ಸ್ವೀಡನ್ನಿನವನಾದ ವಿಲ್‌ಗಾಟ್ ಒಡ್ನರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1890ರ ಹೊತ್ತಿಗೆ ಈ ಮೆಷಿನ್ ತಯಾರಿಸಲು ಶುರು ಮಾಡಿದ. ರಷ್ಯಾದ ಕ್ರಾಂತಿಯ ನಂತರ ಕಂಪನಿ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋಯಿತು.

ಹ್ಯಾಂಡಲ್ ಅಲ್ಲಾಡುತ್ತಿರಲಿಲ್ಲ. ಇಂಥ ಮೆಷಿನ್ ಸಿಕ್ಕರೆ ದಯವಿಟ್ಟು ಬಲ ಹಾಕಬೇಡಿ. ಸೊನ್ನೆ ಮಾಡುವ ಹಿಡಿ ಅರ್ಧಕ್ಕೆ ನಿಂತಿದ್ದರೂ, ಕೆಳಗಿನ ಕ್ಯಾರೇಜ್ (ಉತ್ತರ ತೋರಿಸುವ, ಅಕ್ಕಪಕ್ಕ ಸರಿಯುವ ಭಾಗ) ಸರಿಯಾಗಿ ಕೂರದಿದ್ದರೂ ಹ್ಯಾಂಡಲ್ ಲಾಕ್ ಆಗುತ್ತದೆ. ಅವೆರಡೂ ಸರಿಯಿದ್ದವು. ಒಳಗೆ ಹಳೇ ಎಣ್ಣೆ ಗಟ್ಟಿಯಾಗಿ ಅಂಟಿಕೊಂಡಿತ್ತು, ಅಷ್ಟೇ. ಮೊದಲು ಫೋಟೊ ತೆಗೆದುಕೊಂಡೆ. ಮೇಲಿನ ಕವರ್ ಬಿಚ್ಚಿ, ಸಣ್ಣ ಬ್ರಶ್ಶಿನಿಂದ ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಟ್ಟೆ. ಅಂಕಿಗಳಿಗೆ ತಾಕಿಸಲಿಲ್ಲ, ಬಣ್ಣ ಎದ್ದುಬಿಡಬಹುದು. ಒಣಗಿದ ಮೇಲೆ ತಿರುಗುವ ತುದಿಗಳಿಗೆ ಮಾತ್ರ ಹೊಲಿಗೆ ಮೆಷಿನ್ ಎಣ್ಣೆ, ತೊಟ್ಟು ತೊಟ್ಟು. ಜಾಸ್ತಿ ಹಾಕಿದರೆ ಧೂಳು ಹಿಡಿಯುತ್ತದೆ.

ಕವರ್ ತೆಗೆದಾಗಲೇ ನನಗೆ ಇದರ ಗುಟ್ಟು ಕಂಡಿದ್ದು. ಪ್ರತಿ ಚಕ್ರದಲ್ಲೂ ಒಳಗೆ ಹೊರಗೆ ಸರಿಯುವ 9 ಹಲ್ಲುಗಳು. ಅಂಕಿ ಹೊಂದಿಸುವ ಲಿವರನ್ನು 7ಕ್ಕೆ ಎಳೆದರೆ 7 ಹಲ್ಲು ಮಾತ್ರ ಹೊರಗೆ ಬರುತ್ತವೆ. ಒಂದು ಸುತ್ತು ತಿರುಗಿಸಿದರೆ ಉತ್ತರದ ಅಂಕಿ 7 ಮನೆ ಮುಂದೆ. ಎಷ್ಟು ಸರಳ ಅಲ್ವಾ! ಹಿಂದಕ್ಕೆ ತಿರುಗಿಸಿದರೆ ಕಳೆಯುವುದು.

ದೊಡ್ಡಪ್ಪ 784ನ್ನು 98ರಿಂದ ಗುಣಿಸಬೇಕಾದರೆ 8 ಸುತ್ತು, ಆಮೇಲೆ ಕ್ಯಾರೇಜ್ ಸರಿಸಿ 9 ಸುತ್ತು ಅಂತ 17 ಸಲ ತಿರುಗಿಸುತ್ತಿರಲಿಲ್ಲ. 98 ಅಂದರೆ 100ಕ್ಕೆ 2 ಕಮ್ಮಿ, ಹಾಗಾಗಿ ನೂರರ ಮನೆಯಲ್ಲಿ ಮುಂದಕ್ಕೆ ಒಂದು, ಬಿಡಿ ಮನೆಯಲ್ಲಿ ಹಿಂದಕ್ಕೆ ಎರಡು. 76832 ಬಂದೇಬಿಡುತ್ತಿತ್ತು. ಅವರ ಕೈಚಳಕ ಏನೆಂದು ನನಗೆ ಈಗ ಅರ್ಥವಾಯಿತು.

ಭಾಗಾಕಾರ ಇನ್ನೂ ಸೊಗಸು. 22ನ್ನು ಎಡತುದಿಗೆ ಇಟ್ಟು, 7ನ್ನು ಕಳೆಯುತ್ತಾ ಹೋದೆ. ಮೂರು ಸಲ ಸುಮ್ಮನಿತ್ತು. ನಾಲ್ಕನೇ ಸಲಕ್ಕೆ ಟಿಂಗ್ ಎಂದು ಗಂಟೆ, ಎಡಕ್ಕೆಲ್ಲ 9ರ ಸಾಲು, ಅಂದರೆ ಒಂದು ಸಲ ಜಾಸ್ತಿ ಕಳೆದಾಯಿತು. ಒಂದು ಸುತ್ತು ವಾಪಸ್ ಕೊಟ್ಟು, ಕ್ಯಾರೇಜ್ ಒಂದು ಮನೆ ಸರಿಸಿ ಮುಂದುವರಿಸಿದೆ. ಸುತ್ತು ಎಣಿಸುವ ಕಿಂಡಿಯಲ್ಲಿ 3142857, ಅಂದರೆ 3.142857, ಒಂದೊಂದೇ ಅಂಕಿಯಾಗಿ ಕೂತಿತು.

ಈಗ ವರ್ಗಮೂಲ ಅಭ್ಯಾಸ ಮಾಡುತ್ತಿದ್ದೇನೆ. 1, 3, 5 ಅಂತ ಬೆಸ ಸಂಖ್ಯೆಗಳನ್ನು ಕ್ರಮವಾಗಿ ಕಳೆಯಬೇಕು. 49ರಿಂದ ಹೀಗೆ 13ರವರೆಗೆ ಕಳೆದರೆ ಸೊನ್ನೆ, ಸುತ್ತು ಏಳು, ಅದೇ ವರ್ಗಮೂಲ. ದೊಡ್ಡ ಸಂಖ್ಯೆಗೆ ಎರಡೆರಡು ಅಂಕಿ ಜೋಡಿಸಿಕೊಂಡು ಹೋಗಬೇಕು, ಅದಿನ್ನೂ ಕೈಗೆ ಹತ್ತಬೇಕಿದೆ.