ಗುಡ್ಡ ಹತ್ತಿ ಸುಮ್ನೆ ಕೂರುವುದು ಹೇಗೆ?

ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಗುಡ್ಡಕ್ಕೆ ಹೋಗಲು ಎರಡೇ ಕಾರಣ. ಮೇಲೆ ದೇವರಿರಬೇಕು, ಇಲ್ಲವೇ ಮೇಯಿಸಲು ಕುರಿ ಇರಬೇಕು. ಸುಮ್ನೆ ಹೋಗಿ ಬರುತ್ತೇನೆ ಅಂದರೆ ಮನೆಯಲ್ಲಿ ಕೇಳುತ್ತಾರೆ: "ಅಲ್ಲೇನೈತಿ? ಬರೇ ಕಲ್ಲು." ಕಲ್ಲೇ, ನಿಜ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಕಲ್ಲು. ಒಂದರ ಮೇಲೊಂದು ಪೇರಿಸಿದಂತಿರುವ ಆ ಗುಂಡುಗಳ ಸಂದಿಯಲ್ಲಿ ಕರಡಿ, ಚಿರತೆ, ಮುಳ್ಳುಹಂದಿ, ಉಡ, ಗೂಬೆ ಎಲ್ಲ ಸಂಸಾರ ಹೂಡಿವೆ. ಅವುಗಳ ಊರಿಗೆ ಒಂದು ಬೆಳಿಗ್ಗೆ ಹೋಗಿ, ಗಲಾಟೆ ಮಾಡದೆ ಬರುವುದು ಹೇಗೆ ಅನ್ನುವುದು ಇಲ್ಲಿದೆ.

ಮೊದಲು ಗುಡ್ಡ ಆರಿಸಿಕೊಳ್ಳಿ

ಹೆಸರಾದ ಗುಡ್ಡ ಬೇಡ. ಆನೆಗೊಂದಿಯ ಅಂಜನಾದ್ರಿಗೆ ಮೆಟ್ಟಿಲು ಹತ್ತಿ ಹೋಗಿ, ಕೈ ಮುಗಿದು ಬನ್ನಿ, ಆದರೆ ಅಲ್ಲಿ ಕೋತಿ ಬಿಟ್ಟರೆ ಬೇರೆ ಪ್ರಾಣಿ ಕಾಣುವುದು ಕಷ್ಟ. ಕೋತಿಗೂ ನಿಮ್ಮ ಕೈಲಿರುವ ಚೀಲದ ಮೇಲೇ ಕಣ್ಣು.

ನನಗೆ ಇಷ್ಟವಾದದ್ದು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ. ಸುತ್ತಲಿನವರು ಮೊರ್ಯಾರ ಗುಡ್ಡ ಅನ್ನುತ್ತಾರೆ. ಮೇಲೆ ಕಲ್ಲಿನ ಚಪ್ಪಡಿ ನಿಲ್ಲಿಸಿ ಮನೆಯಂತೆ ಕಟ್ಟಿದ ಶಿಲಾಯುಗದ ನಂತರದ ನೂರಾರು ಗೋರಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಆದರೂ ಬೆಳಿಗ್ಗೆ ಹೋದರೆ ಹೆಚ್ಚಿನ ದಿನ ನೀವೊಬ್ಬರೇ. ಬಳ್ಳಾರಿಯವರಿಗೆ ಸಂಗನಕಲ್ಲು ಗುಡ್ಡ ಹತ್ತಿರ. ರಾಯಚೂರು ಕಡೆಯವರಿಗೆ ಮಸ್ಕಿ ಇದೆ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ಅಲ್ಲೇ.

ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯವರ ಅನುಮತಿ ಬೇಕು. ಮುಂಚಿನ ದಿನವೇ ಕೇಳಿ. ವನ್ಯಜೀವಿ ಧಾಮಗಳ ಒಳಗೆ ನಡೆದಾಡುವ ಮಾತೇ ಇಲ್ಲ.

ಹೊತ್ತು, ಬುತ್ತಿ, ಬಟ್ಟೆ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ನಮ್ಮ ಬಿಸಿಲು ಗೊತ್ತಲ್ಲ, ಕಲ್ಲು ಹೆಂಚಿನಂತೆ ಕಾಯುತ್ತದೆ. ಬೆಳಕು ಹರಿಯುತ್ತಲೇ ಗುಡ್ಡದ ಬುಡದಲ್ಲಿರಿ, ಹತ್ತು ಗಂಟೆಗೆ ಇಳಿದುಬಿಡಿ. ಮಣ್ಣಿನ ಬಣ್ಣದ ಉದ್ದ ತೋಳಿನ ಅಂಗಿ, ಪಾದ ಮುಚ್ಚುವ ಬೂಟು, ಒಂದು ಬಡಿಗೆ, ಒಬ್ಬರಿಗೆ ಎರಡು ಲೀಟರ್ ನೀರು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಕೆಡುವುದಿಲ್ಲ. ಸೆಂಟು ಹಾಕಿಕೊಳ್ಳಬೇಡಿ. ಗುಂಡುಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಅದೇ ಕಾರಣಕ್ಕೆ ಬೀಡಿ, ಸಿಗರೇಟು, ಒಲೆ ಹೂಡುವುದು ಯಾವುದೂ ಬೇಡ.

ಇಬ್ಬರು ಅಥವಾ ಮೂವರು ಸಾಕು. ಒಬ್ಬರೇ ಹೋಗಬೇಡಿ. ಎಂಟು ಜನ ಹೋದರೆ ಅದು ದಿಬ್ಬಣ.

ಕುರಿ ಕಾಯುವವರನ್ನು ಮಾತಾಡಿಸಿ

ಇದು ಬಿಡಲೇಬಾರದ ಹಂತ. ಮೊಬೈಲಿನ ನಕ್ಷೆಗೆ ಕರಡಿ ಎಲ್ಲಿ ಮಲಗಿದೆ ಅಂತ ಗೊತ್ತಿರುವುದಿಲ್ಲ. ಒಂದು ಜನವರಿಯಲ್ಲಿ ಗುಡ್ಡದ ಬುಡದಲ್ಲಿ ಕಂಬಳಿ ಹೊದ್ದ ಅಜ್ಜ ಸಿಕ್ಕಿದ್ದರು.

"ಎಲ್ಲಿಗ್ ಹೊಂಟ್ರಿ?"

"ಗುಡ್ಡಕ್ಕ ಯಜ್ಜಾ, ಸುಮ್ನ ನೋಡಾಕ."

"ಹೋಗ್ರಿ. ಆ ಬಲಕಿನ ಗವಿ ಕಡೆ ಮಾತ್ರ ಹೋಗಬ್ಯಾಡ್ರಿ. ಮರಿ ಹಾಕೈತಿ."

ನಾವು ಹೊರಟಿದ್ದೇ ಬಲಗಡೆಗೆ. ಡಿಸೆಂಬರ್, ಜನವರಿ ಕರಡಿ ಮರಿ ಹಾಕುವ ಕಾಲ. ಮರಿ ಇರುವ ತಾಯಿಯಷ್ಟು ಸಿಟ್ಟಿನ ಪ್ರಾಣಿ ಈ ಗುಡ್ಡಗಳಲ್ಲಿ ಇನ್ನೊಂದಿಲ್ಲ. ಹಾಂ, ಕುರಿಹಟ್ಟಿಗೆ ಹೋಗುವಾಗ ದೂರದಿಂದಲೇ ಕೂಗಿ ಕರೆಯಿರಿ. ತೋಳ ಓಡಿಸಿ ರೂಢಿಯಾದ ನಾಯಿಗಳು ಅಲ್ಲಿರುತ್ತವೆ.

ನಡೆಯುವುದು: ಎಲ್ಲಿ ಸುಮ್ಮನೆ, ಎಲ್ಲಿ ಸದ್ದು

ಬಯಲು ಕಲ್ಲಿನ ಮೇಲೆ ಮಾತಿಲ್ಲದೆ ನಡೆಯಿರಿ. ಹತ್ತು ಹೆಜ್ಜೆ ಹಾಕಿ, ನಿಲ್ಲಿ, ಕಿವಿಗೊಡಿ. ಗೌಜಲಹಕ್ಕಿ ಎಲ್ಲಿಂದಲೋ ಜಗಳಕ್ಕೆ ನಿಂತಂತೆ ಕೂಗುತ್ತಿರುತ್ತದೆ. ನವಿಲು ಹೇಗೂ ಇದೆ.

ಆದರೆ ಕಂಟಿ ದಟ್ಟವಾಗಿರುವಲ್ಲಿ, ಗುಂಡು ಸುತ್ತಿ ತಿರುಗುವಲ್ಲಿ, ಗವಿಯ ಹತ್ತಿರ ಸದ್ದು ಮಾಡಲೇಬೇಕು. ಬಡಿಗೆಯಿಂದ ಕಲ್ಲು ಕುಟ್ಟಿ, ಕೆಮ್ಮಿ, ಎರಡು ಮಾತಾಡಿ. ಕರಡಿಗೆ ವಾಸನೆ ಚೆನ್ನಾಗಿ ಗೊತ್ತಾಗುತ್ತದೆ, ಕಣ್ಣು ಮಂದ. ಹುತ್ತ ಬಗೆದು ಗೆದ್ದಲು ಹೀರುತ್ತಿದ್ದರೆ ನೀವು ಬಂದದ್ದೇ ತಿಳಿಯುವುದಿಲ್ಲ. ತಲೆ ಎತ್ತಿದಾಗ ಎದುರಿಗೆ ನೀವಿದ್ದರೆ ಗಾಬರಿಯಿಂದ ಮೈಮೇಲೆ ಬರುತ್ತದೆ. ದೂರದಲ್ಲಿ ಕಂಡರೆ ಓಡದೆ, ಅದರ ಕಡೆ ಮುಖ ಇಟ್ಟುಕೊಂಡೇ ಹಿಂದೆ ಸರಿಯಿರಿ. ಮೇಲೆರಗಿಯೇಬಿಟ್ಟರೆ ಬೋರಲು ಮಲಗಿ, ಎರಡೂ ಕೈ ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಅದು ಹೊಡೆಯುವುದು ಮುಖ, ತಲೆಗೇ. ಇದನ್ನೆಲ್ಲ ಓದಿ ಹೆದರಬೇಡಿ. ಸದ್ದು ಕೇಳಿದರೆ ಹೆಚ್ಚಾಗಿ ಅದೇ ದಾರಿ ಬಿಡುತ್ತದೆ.

ಹಾವಿನ ವಿಷಯಕ್ಕೆ ಒಂದೇ ನಿಯಮ: ಕಣ್ಣಿಗೆ ಕಾಣದ ಸಂದಿಯೊಳಗೆ ಕೈ, ಕಾಲು ಇಡಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಿಂದ ಹೀರುವುದು ಬೇಡ. ಕಚ್ಚಿದ ಕೈಕಾಲು ಅಲುಗಿಸದೆ ಇಟ್ಟುಕೊಂಡು 108ಕ್ಕೆ ಕರೆ ಮಾಡಿ, ಸೀದಾ ಆಸ್ಪತ್ರೆಗೆ ಹೋಗಿ.

ಗುರುತು ಓದಿ

ಪ್ರಾಣಿ ಕಾಣಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರು ಕೆಳಗೆ ನೋಡಿರುವುದಿಲ್ಲ. ಹುತ್ತದ ಬುಡದಲ್ಲಿ ಹಾರೆಯಿಂದ ಅಗೆದಂಥ ಗುಂಡಿ, ಪಕ್ಕದಲ್ಲಿ ಉಗುರಿನ ಗೀರು ಇದ್ದರೆ ರಾತ್ರಿ ಕರಡಿ ಊಟ ಮಾಡಿದೆ. ಬಾರಿಹಣ್ಣಿನ ಬೀಜ ತುಂಬಿದ ಲದ್ದಿಯೂ ಅದರದೇ. ಕಪ್ಪು ಬಿಳುಪು ಪಟ್ಟೆಯ ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿ ಹಾದುಹೋಗಿದೆ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವುದು ಗೂಬೆಯ ಉಂಡೆ. ದೊಡ್ಡ ಬಂಡೆಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಗೆರೆ ಇಳಿದಿದ್ದರೆ ಅದರ ಬುಡ ಹುಡುಕಿ. ಹೆಬ್ಬೆರಳು ಗಾತ್ರದ, ಬೂದು ಬಣ್ಣದ ಒಣ ಉಂಡೆಗಳು ಸಿಗುತ್ತವೆ. ಲದ್ದಿಯಲ್ಲ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು, ಎಲುಬನ್ನು ಉಂಡೆ ಕಟ್ಟಿ ಬಾಯಿಂದ ಉಗುಳುತ್ತದೆ. ಕಡ್ಡಿಯಿಂದ ಬಿಡಿಸಿ ನೋಡಿ. ಒಂದು ಸಲ ಹೀಗೆ ಬಿಡಿಸಿದಾಗ ಮೊದಲು ಹತ್ತಿಯಂಥ ಕೂದಲು ಬಂತು. ಆಮೇಲೆ ಸೂಜಿಯಷ್ಟು ಸಣ್ಣ ಪಕ್ಕೆಲುಬು. ಕೊನೆಗೆ ಒಂದು ಪುಟ್ಟ ತಲೆಬುರುಡೆ, ಮುಂದಿನ ಹಲ್ಲು ಕಿತ್ತಳೆ ಬಣ್ಣದ್ದು. ಕೆಳಗಿನ ಭತ್ತದ ಗದ್ದೆಯಿಂದ ಬಂದ ಇಲಿಯೇ ಇರಬೇಕು ಅಂದುಕೊಂಡೆ. ಗೂಬೆಯನ್ನು ಅಪಶಕುನ ಅಂತ ಕಲ್ಲು ಹೊಡೆಯುವ ರೈತರಿಗೆ ಆ ಬುರುಡೆ ತೋರಿಸಬೇಕು ಅನಿಸಿತ್ತು. ಚಳಿಗಾಲದಲ್ಲಿ ಗೂಬೆ ಬಂಡೆಯ ಅಟ್ಟದಲ್ಲೇ ಮೊಟ್ಟೆ ಇಡುತ್ತದೆ, ಹಾಗಾಗಿ ಮೇಲೆ ಹತ್ತಿ ಇಣುಕಬೇಡಿ.

ಈಗ ಕೂರಿ

ಕಲ್ಲಿನ ತಗ್ಗಿನಲ್ಲಿ ಮಳೆ ನೀರು ನಿಂತ ದೊಣೆ ಸಿಕ್ಕರೆ ಅದೇ ನಿಮ್ಮ ಜಾಗ. ಹಿರೇಬೆಣಕಲ್‌ನಲ್ಲಿ ಗೋರಿಗಳ ಹತ್ತಿರವೇ ಒಂದು ಕೊಳವಿದೆ. ನೀರಿನಿಂದ ಇಪ್ಪತ್ತು ಹೆಜ್ಜೆ ದೂರ, ಬೆನ್ನಿಗೆ ಕಲ್ಲು ಕೊಟ್ಟು ಕೂರಿ. ಬಿಸಿಲು ಬೆನ್ನ ಹಿಂದಿರಲಿ. ಫೋನಿನ ಸದ್ದು ತೆಗೆದುಬಿಡಿ.

ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಕಾಲು ಜೋಮು ಹಿಡಿಯುತ್ತದೆ, ಇರುವೆ ಹತ್ತುತ್ತದೆ, ಯಾಕಾದರೂ ಬಂದೆನೋ ಅನಿಸುತ್ತದೆ. ಏಳಬೇಡಿ. ಕಾಲು ಗಂಟೆ ಕಳೆದ ಮೇಲೆ ಗುಡ್ಡ ನಿಮ್ಮನ್ನು ಮರೆಯುತ್ತದೆ. ಮೊದಲು ಓತಿಕ್ಯಾತ ಹೊರಗೆ ಬಂದು ದಂಡ ಹೊಡೆಯುತ್ತದೆ. ಮುಂಗಾರಿನ ಹೊತ್ತಿಗೆ ಹೋದರೆ ಗಂಡಿನ ಬೆನ್ನು ಕೆಂಡದ ಬಣ್ಣ, ಪಕ್ಕೆ ಕಾಡಿಗೆ ಕಪ್ಪು. ಇನ್ನೊಂದು ಗಂಡು ಎದುರಾದರೆ ನೋಡನೋಡುತ್ತಲೇ ಬಣ್ಣ ಬದಲಾಗುತ್ತದೆ. ನಂತರ ಹಕ್ಕಿಗಳು ನೀರಿಗಿಳಿಯುತ್ತವೆ. ತಲೆ, ಕೊರಳು ಹಳದಿ, ಮೈ ಬೂದು ಇರುವ ಪಿಕಳಾರ ಕಂಡರೆ ಉಸಿರು ಬಿಗಿಹಿಡಿಯಿರಿ. ಹಳದಿ ಕೊರಳಿನ ಆ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಫೋಟೊ ಚೆನ್ನಾಗಿ ಬರಲಿ ಅಂತ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರಿದ್ದಾರೆ. ಅದು ಬೇರೆಯವರ ಮನೆ ಬಾಗಿಲು ಬಡಿದು ಓಡಿಹೋದಂತೆ. ಮಾಡಬೇಡಿ.

ಇಳಿಯುವಾಗ

ಹತ್ತುವಾಗ ಆಗಾಗ ಹಿಂದೆ ತಿರುಗಿ ನೋಡಿಕೊಳ್ಳಿ. ಗುಂಡುಗಳೆಲ್ಲ ಒಂದೇ ಥರ ಕಾಣುತ್ತವೆ. ನಾನೊಮ್ಮೆ ಧಿಮಾಕಿನಿಂದ ಇಳಿದು ಗುಡ್ಡದ ಆಚೆ ಬದಿಗೆ ಬಂದಿದ್ದೆ. ಮುಂದೆ ಮೊಣಕಾಲುದ್ದ ಕೆಸರಿನ ಗದ್ದೆ, ಬೈಕು ಈಚೆ ಬದಿ. ಬದುವಿನ ಮೇಲೆ ಬೂಟು ಕೈಲಿ ಹಿಡಿದು ಮುಕ್ಕಾಲು ಗಂಟೆ ನಡೆದೆ. ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಹೊತ್ತು ಉಳಿದರೆ ಆನೆಗೊಂದಿ ಕಡೆ ಹೊಳೆ ದಂಡೆಗೆ ಹೋಗಿ. ಅಲ್ಲಿ ತುಂಗಭದ್ರೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಬಂಡೆಯ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ, ನಾರುವ ಲದ್ದಿ ಕಂಡರೆ ಅವು ಅಲ್ಲೇ ಇವೆ. ನೀರಿಗೆ ಮಾತ್ರ ಇಳಿಯಬೇಡಿ, ಮೊಸಳೆಯೂ ಇದೆ, ಸುಳಿಯೂ ಇದೆ.

ಕರಡಿಯನ್ನೇ ನೋಡಬೇಕು ಅನ್ನುವವರಿಗೆ ಗುಡ್ಡಕ್ಕಿಂತ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ವಾಸಿ. ಮಧ್ಯಾಹ್ನ ಹೋಗಿ ವೀಕ್ಷಣಾ ಗೋಪುರದಲ್ಲಿ ಕೂತರೆ ಸಂಜೆಯೊಳಗೆ ಎದುರಿನ ಕಲ್ಲುಗಳ ಮೇಲೆ ಕಂಡರೂ ಕಾಣಬಹುದು. ಅದೃಷ್ಟ ಇದ್ದರೆ ತಾಯಿಯ ಬೆನ್ನ ಮೇಲೆ ಎರಡು ಮರಿ.

ಮನೆ ಒಳಗೆ ಹೋಗುವ ಮುಂಚೆ ಕಟ್ಟೆಯ ಮೇಲೆ ಕೂತು ಪ್ಯಾಂಟಿಗೆ ಅಂಟಿದ ಉತ್ರಾಣಿ ಬೀಜ ಒಂದೊಂದಾಗಿ ಕೀಳಿ. ಹಾಗೇ ಒಳಗೆ ಹೋದರೆ ಬಟ್ಟೆ ಒಗೆಯುವವರು ಮುಂದಿನ ವಾರ ನಿಮ್ಮನ್ನು ಗುಡ್ಡಕ್ಕೆ ಬಿಡುವುದಿಲ್ಲ.