ಲೇಸಿಕ್ ಮಾಡಿಸಿಕೊಂಡ ಮೇಲೆ ಕಣ್ಣಿನ ಆರೈಕೆ ಹೇಗೆ?

ಕನ್ನಡಕದ ಪವರ್ ಹೋಗಲಾಡಿಸುವ ಲೇಸರ್ ಶಸ್ತ್ರಚಿಕಿತ್ಸೆ ಲೇಸಿಕ್. ಅದು ಆದ ಮರುದಿನವೇ ಹೆಚ್ಚಿನವರಿಗೆ ಕನ್ನಡಕವಿಲ್ಲದೆ ಗೋಡೆ ಗಡಿಯಾರ ಕಾಣುತ್ತದೆ. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ: ಎಲ್ಲ ಸರಿಹೋಯಿತೆಂದು ಡ್ರಾಪ್ಸ್ ಮರೆಯುತ್ತಾರೆ, ಕಣ್ಣು ಉಜ್ಜುತ್ತಾರೆ. ನೋಟ ಒಂದೇ ದಿನದಲ್ಲಿ ಬರಬಹುದು, ಗಾಯ ಅಷ್ಟು ಬೇಗ ಮಾಯುವುದಿಲ್ಲ.

ಕಾರಣ ಸರಳ. ಕಣ್ಣಿನ ಮುಂದಿರುವ ಪಾರದರ್ಶಕ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲ್ಭಾಗದಲ್ಲಿ 100ರಿಂದ 120 ಮೈಕ್ರಾನ್ (ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್) ದಪ್ಪದ, ಮುಚ್ಚಳದಂಥ ಪದರ, ಅಂದರೆ ಫ್ಲ್ಯಾಪ್, ಎತ್ತಿ, ಕೆಳಗಿನ ಭಾಗವನ್ನು ಲೇಸರ್‌ನಿಂದ ತಿದ್ದಿ, ಮತ್ತೆ ಮುಚ್ಚುತ್ತಾರೆ. ಹೊಲಿಗೆ ಹಾಕುವುದಿಲ್ಲ. ಅಂಚು ಒಂದೆರಡು ದಿನದಲ್ಲಿ ಮುಚ್ಚಿಕೊಂಡರೂ ಒಳಗಿನ ಬೆಸುಗೆ ಬಹುಕಾಲ ದುರ್ಬಲವಾಗಿಯೇ ಇರುತ್ತದೆ.

ಮೊದಲ ದಿನ

ಅರಿವಳಿಕೆ ಇಳಿದ ಮೇಲೆ ನಾಲ್ಕರಿಂದ ಆರು ಗಂಟೆ ಕಣ್ಣು ಉರಿಯುತ್ತದೆ, ನೀರು ಸುರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ. ಮನೆಗೆ ಕರೆದೊಯ್ಯಲು ಯಾರಾದರೂ ಜೊತೆಗಿರಲಿ. ಊಟ ಮುಗಿಸಿ, ಹೇಳಿದ ಡ್ರಾಪ್ಸ್ ಹಾಕಿಕೊಂಡು ಮಲಗಿಬಿಡುವುದೇ ಉತ್ತಮ. ಮಲಗುವಾಗ ಪ್ಲಾಸ್ಟಿಕ್ ಕಣ್ಣುಕವಚ ಅಂಟಿಸಿಕೊಳ್ಳಿ, ನಿದ್ದೆಗಣ್ಣಿನಲ್ಲಿ ಕೈ ಕಣ್ಣಿಗೆ ಹೋಗುವುದು ಸಹಜ. ರಾತ್ರಿ ಈ ಕವಚ ಒಂದು ವಾರ ಬೇಕು. ಮರುದಿನದ ತಪಾಸಣೆ ತಪ್ಪಿಸಬೇಡಿ: ಫ್ಲ್ಯಾಪ್ ಸರಿದಿದ್ದರೆ, ಸುಕ್ಕಾಗಿದ್ದರೆ ಆಗಲೇ ಸರಿಪಡಿಸುವುದು ಸುಲಭ. ಬಿಳಿಗುಡ್ಡೆಯ ಮೇಲೆ ಕೆಂಪು ಮಚ್ಚೆ ಕಂಡರೆ ಗಾಬರಿ ಬೇಡ. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣನ್ನು ಹಿಡಿದಿಟ್ಟ ಉಂಗುರದ ಒತ್ತಡಕ್ಕೆ ಸೂಕ್ಷ್ಮ ರಕ್ತನಾಳ ಒಡೆದ ಗುರುತು ಅದು, ಎರಡು ವಾರದೊಳಗೆ ಮಾಯವಾಗುತ್ತದೆ.

ಡ್ರಾಪ್ಸ್ ಹಾಕುವ ಕ್ರಮ

ಸಾಮಾನ್ಯವಾಗಿ ಮೂರು ಬಗೆ ಇರುತ್ತವೆ: ಸೋಂಕು ತಡೆಯಲು ಆ್ಯಂಟಿಬಯೋಟಿಕ್, ಉರಿಯೂತಕ್ಕೆ ಸ್ಟೆರಾಯ್ಡ್, ಒಣಗದಂತೆ ಕೃತಕ ಕಣ್ಣೀರು. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಒಂದೇ ಹನಿ ಬಿಡಿ. ಎರಡನೆಯದು ಕೆನ್ನೆಗೆ ಹರಿದು ವ್ಯರ್ಥ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಒಂದು ಔಷಧಕ್ಕೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ, ಇಲ್ಲವಾದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ಲೇಬಲ್ ಮೇಲೆ ‘ಸಸ್ಪೆನ್ಷನ್’ ಎಂದಿದ್ದರೆ ಚೆನ್ನಾಗಿ ಕುಲುಕಿ. ಸ್ಟೆರಾಯ್ಡನ್ನು ನೀವಾಗಿಯೇ ನಿಲ್ಲಿಸುವುದೂ ತಪ್ಪು, ಮೆಡಿಕಲ್ ಸ್ಟೋರಿನಿಂದ ಇನ್ನೊಂದು ಬಾಟಲಿ ತಂದು ಮುಂದುವರಿಸುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಕೆಲವರಲ್ಲಿ ಅದು ಕಣ್ಣಿನ ಒತ್ತಡ ಏರಿಸುತ್ತದೆ.

ಸ್ನಾನ, ಅಡುಗೆ, ಓಡಾಟ

ಒಂದು ವಾರ ನಲ್ಲಿ ನೀರು, ಸೋಪು, ಶಾಂಪೂ, ಸೀಗೆಕಾಯಿ ಕಣ್ಣಿಗೆ ಬೀಳಬಾರದು. ಕತ್ತಿನಿಂದ ಕೆಳಗೆ ಸ್ನಾನ ಮಾಡಿ, ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ತಲೆಗೂದಲು ತೊಳೆಯಲೇಬೇಕಿದ್ದರೆ ಹಿಂದಕ್ಕೆ ಒರಗಿ, ಬೇರೆಯವರ ಕೈಯಲ್ಲಿ ತೊಳೆಸಿಕೊಳ್ಳಿ. ಕಾಡಿಗೆ ಎರಡು ವಾರ, ಈಜು ಒಂದು ತಿಂಗಳು ಬೇಡ. ಒಗ್ಗರಣೆಯ ಘಾಟು, ಒಲೆಯ ಹೊಗೆ ಮೊದಲ ವಾರ ದೂರವಿರಲಿ. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್‌ನ ಗಾಜು ಇಳಿಸಿರಿ. ವಾಹನ ನಡೆಸುವುದು ತಪಾಸಣೆಯಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ. ಕಣ್ಣು ಎಷ್ಟೇ ತುರಿಸಲಿ, ಕನಿಷ್ಠ ಒಂದು ತಿಂಗಳು ಉಜ್ಜಬೇಡಿ. ಕೃತಕ ಕಣ್ಣೀರಿನ ಒಂದು ಹನಿ ಹಾಕಿ.

ಕಣ್ಣು ಒಣಗುವುದು ಮೂರರಿಂದ ಆರು ತಿಂಗಳು ಕಾಡಬಹುದು. ಫ್ಲ್ಯಾಪ್ ಮಾಡುವಾಗ ಕತ್ತರಿಸಿಹೋದ ನರಗಳು ಮತ್ತೆ ಬೆಳೆಯುವವರೆಗೆ ಕಣ್ಣೀರಿಗೆ ಸರಿಯಾದ ಸೂಚನೆ ಹೋಗುವುದಿಲ್ಲ. ಎ.ಸಿ. ಕೆಳಗೆ ಕಂಪ್ಯೂಟರ್ ನೋಡುತ್ತಾ ಕೂರುವವರಿಗೆ ಇದು ಹೆಚ್ಚು. ರಾತ್ರಿ ದೀಪಗಳ ಸುತ್ತ ಬೆಳಕಿನ ಬಳೆ ಕಾಣುವುದೂ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ತಿಂಗಳುಗಳಲ್ಲಿ, ಬಹುತೇಕರಲ್ಲಿ ಇಳಿಯುತ್ತದೆ. ಫ್ಲ್ಯಾಪ್ ಎತ್ತದೆ ಲೇಸರ್‌ನಿಂದ ಕಾರ್ನಿಯಾ ತಿದ್ದುವ ಪಿಆರ್‌ಕೆ ಮಾಡಿಸಿದವರ ಲೆಕ್ಕ ಬೇರೆ: ಮೂರು ದಿನ ನಿಜವಾದ ನೋವು, ಮೂರರಿಂದ ಐದು ದಿನ ಗಾಯ ಕಾಯಲು ಕಣ್ಣಲ್ಲೇ ಇರುವ ಬ್ಯಾಂಡೇಜ್ ಲೆನ್ಸ್, ಸ್ಪಷ್ಟ ನೋಟಕ್ಕೆ ಒಂದರಿಂದ ಮೂರು ತಿಂಗಳು. ಬಿಸಿಲಿನಿಂದ ಮಸುಕು ಕಟ್ಟುವ ಅಪಾಯವಿರುವುದರಿಂದ ತಂಪು ಕನ್ನಡಕ ಕಡ್ಡಾಯ.

ಆಸ್ಪತ್ರೆಗೆ ಯಾವಾಗ ಓಡಬೇಕು?

ನೋವು ಕಡಿಮೆಯಾಗುವ ಬದಲು ಏರಿದರೆ, ಬಂದ ನೋಟ ಮತ್ತೆ ಮಂಜಾದರೆ, ಕೀವು ಕಂಡರೆ, ಬೆಳಕು ತಡೆಯಲಾಗದಿದ್ದರೆ, ಕಣ್ಣಿಗೆ ಪೆಟ್ಟು ಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸೋಂಕು, ಫ್ಲ್ಯಾಪ್ ಕೆಳಗಿನ ಉರಿಯೂತ ಎರಡೂ ಕಾಯುವ ವಿಷಯವಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚಿನ ಸ್ಕ್ಯಾನ್, ಪವರ್‌ನ ವರದಿಗಳನ್ನು ಜೋಪಾನವಾಗಿಡಿ. ಮುಂದೆ ಕಣ್ಣಿನ ಪೊರೆ ತೆಗೆಸುವಾಗ ಒಳಗಿಡುವ ಲೆನ್ಸಿನ ಲೆಕ್ಕಕ್ಕೆ ಅವು ಬೇಕಾಗುತ್ತವೆ. ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನ ಒತ್ತಡದಿಂದ ನೋಟದ ನರ ಹಾಳಾಗುವ ಕಾಯಿಲೆ) ತಪಾಸಣೆಯಲ್ಲೂ ಲೇಸಿಕ್ ಆಗಿದೆಯೆಂದು ಹೇಳಿ. ತೆಳುವಾದ ಕಾರ್ನಿಯಾದಿಂದಾಗಿ ಯಂತ್ರ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.